ಒಂದು ಕ್ಲಿಕ್ಕಿನ ಮನವಿಗೆ ಬೆಲೆ ಎಷ್ಟು?

ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ಬೆಳಗಿನ ಜಾವದಿಂದಲೇ ಮೂಟೆಗಳನ್ನು ಇಳಿಸುವ ಹಮಾಲರನ್ನು ನಾವೆಲ್ಲ ನೋಡಿದ್ದೇವೆ. ಒಂದು ಕಾಲದಲ್ಲಿ ಅವರ ಕೂಲಿಗೆ ಗೊತ್ತಾದ ದರವಾಗಲಿ, ಮುಪ್ಪಿಗೆ ಭವಿಷ್ಯನಿಧಿಯಾಗಲಿ ಇರಲಿಲ್ಲ. ಡಾ. ಬಾಬಾ ಆಢಾವ ಅವರು 1950ರ ದಶಕದಲ್ಲಿ ಪುಣೆಯಲ್ಲಿ ಕಟ್ಟಿದ ಹಮಾಲ್ ಪಂಚಾಯತ್ ಮತ್ತು ಮುಂಬಯಿಯ ಮಾಥಾಡಿ ಕಾರ್ಮಿಕರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಬಳಿಕ, 1969ರಲ್ಲಿ ಮಹಾರಾಷ್ಟ್ರ ಸರಕಾರ ಮಾಥಾಡಿ ಕಾಯಿದೆಯನ್ನು ತಂದಿತು.

ಇಂದು ಅದೇ ಯಾರ್ಡಿನ ಆಸುಪಾಸಿನ ಮನೆಗಳಲ್ಲಿ ಕುಳಿತ ನಾವು, ಮರ ಉಳಿಸಿ, ರಸ್ತೆ ಸರಿಪಡಿಸಿ ಎಂಬ ಅಂತರಜಾಲ ಮನವಿಗಳಿಗೆ ಕ್ಷಣಾರ್ಧದಲ್ಲಿ ಸಹಿ ಹಾಕುತ್ತೇವೆ. ಇದರಿಂದ ಏನಾದರೂ ಆಗುತ್ತದೆಯೇ?

ಆಗುತ್ತದೆ, ಆದರೆ ಯಾವಾಗಲೂ ಅಲ್ಲ. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಅಂತರಜಾಲ ಸಮಾನತೆಯ ಕುರಿತು 20 ಪ್ರಶ್ನೆಗಳನ್ನು ಮುಂದಿಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಿತು. ಕಾರ್ಯಕರ್ತರು ಆ ಪ್ರಶ್ನೆಗಳಿಗೆ ಉತ್ತರಗಳನ್ನು ಸಿದ್ಧಪಡಿಸಿಕೊಟ್ಟರು. ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಹೋದವು. ಅದೇ ವರ್ಷದ ಕೊನೆಗೆ ಫೇಸ್‌ಬುಕ್ ತನ್ನ 'ಫ್ರೀ ಬೇಸಿಕ್ಸ್' ಯೋಜನೆಯ ಪರವಾಗಿ ಇಂಥದೇ ಕ್ಲಿಕ್ಕುಗಳ ಪ್ರವಾಹ ಹರಿಸಿತು. ಆದರೆ ತಾನು ಕೇಳಿದ ಪ್ರಶ್ನೆಗಳಿಗೆ ಅವು ಉತ್ತರಿಸುವುದಿಲ್ಲ ಎಂದು ಟ್ರಾಯ್ ಆಕ್ಷೇಪಿಸಿತು. 2016ರ ಫೆಬ್ರವರಿ 8ರಂದು ತಾರತಮ್ಯದ ದರಗಳನ್ನೇ ನಿಷೇಧಿಸಿತು. ಎರಡೂ ಕಡೆ ಇದ್ದದ್ದು ಕ್ಲಿಕ್ಕೇ. ಆದರೆ ಒಂದು ಕೇಳಿದ್ದಕ್ಕೆ ಉತ್ತರವಾಗಿತ್ತು, ಇನ್ನೊಂದು ಬರಿಯ ತಲೆಯೆಣಿಕೆಯಾಗಿತ್ತು.

ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಯ ಪ್ರಕರಣ ಇನ್ನೊಂದು ಪಾಠ ಹೇಳುತ್ತದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಈ ಯೋಜನೆಗೆ 800ಕ್ಕೂ ಹೆಚ್ಚು ಮರಗಳು ಬಲಿಯಾಗಬೇಕಿತ್ತು. 'ಬೇಡ' ಎಂಬ ಕೂಗು ಮೊದಲು ಹಬ್ಬಿದ್ದು ಅಂತರಜಾಲದಲ್ಲಿ. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಬೀದಿಗಿಳಿದು ಮಾನವ ಸರಪಳಿ ರಚಿಸಿದರು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಿಂದ ತಡೆಯಾಜ್ಞೆ ಬಂದಿತು. ಭ್ರಷ್ಟಾಚಾರದ ಆರೋಪಗಳೂ ಎದ್ದವು. 2017ರ ಮಾರ್ಚಿನಲ್ಲಿ ಸರಕಾರ ಯೋಜನೆಯನ್ನು ಕೈಬಿಟ್ಟಿತು. ಕ್ಲಿಕ್ಕು ಜನರನ್ನು ಕೂಡಿಸಿತು. ಮುಂದಿನ ಕೆಲಸ ಮಾಡಿದವರು ಹಾಗೆ ಕೂಡಿದ ಜನ.

ಮನವಿಗೆ ಉತ್ತರಿಸುವ ಬಾಧ್ಯತೆ ಯಾರಿಗಿದೆ ಎಂಬುದೂ ಮುಖ್ಯ. ಬ್ರಿಟನ್ನಿನ ಸಂಸತ್ತಿನ ಜಾಲತಾಣದಲ್ಲಿ 10,000 ಸಹಿಗಳಾದರೆ ಸರಕಾರ ಉತ್ತರ ಕೊಡುತ್ತದೆ. ಒಂದು ಲಕ್ಷವಾದರೆ ಚರ್ಚೆಗೆ ಪರಿಗಣಿಸಲಾಗುತ್ತದೆ. ಖಾಸಗಿ ತಾಣದಲ್ಲಿ ಹಾಕಿದ ಸಹಿಗೆ ನಮ್ಮ ಯಾವ ಅಧಿಕಾರಿಯೂ ಉತ್ತರಿಸಬೇಕಾಗಿಲ್ಲ. ಆದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಒಬ್ಬರೇ ಸಲ್ಲಿಸಿದ ಅರ್ಜಿಗೂ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಲೇಬೇಕು.

ಆದ್ದರಿಂದ ಸಹಿ ಹಾಕುವ ಮುನ್ನ ಮೂರು ವಿಷಯಗಳನ್ನು ನೋಡಿಕೊಳ್ಳೋಣ: ಮನವಿ ಯಾರಿಗೆ ಹೋಗುತ್ತದೆ, ಗಡುವು ಮುಗಿದಿಲ್ಲವಷ್ಟೆ, ಸಹಿಯ ನಂತರದ ಕೆಲಸಕ್ಕೆ ಯಾರಿದ್ದಾರೆ? ಹಮಾಲರು ಗೆದ್ದದ್ದು ಒಂದು ದಿನದ ಕೂಗಿನಿಂದಲ್ಲ, ಮರುದಿನವೂ ಒಟ್ಟಾಗಿ ನಿಂತದ್ದರಿಂದ.