ಅಡಿಕೆ ಸಾಲಿನ ನಡುವೆ ಸಾಸಿವೆ ಸೊಪ್ಪು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನಮ್ಮ ಸದಸ್ಯ ಬಂಧುಗಳಲ್ಲಿ ಹಲವರು ಅರಿಸಿನ, ಬಾಳೆ ಬೆಳೆಯುತ್ತಿದ್ದ ಜಮೀನಿಗೆ ಅಡಿಕೆ ಸಸಿ ಇಟ್ಟಿದ್ದಾರೆ. ಫಲ ಕೈಗೆ ಬರಲು ಐದಾರು ವರ್ಷ ಕಾಯಬೇಕು. 9 ಅಡಿ ಅಂತರದ ತೋಟದಲ್ಲಿ ಒಂದು ಗಿಡದ ಪಾಲಿಗೆ ಬರುವ ನೆಲ 81 ಚದರ ಅಡಿ. ಬುಡದ ಸುತ್ತ 3 ಅಡಿ ಬಿಟ್ಟರೂ 50 ಚದರ ಅಡಿಗೆ ಮೇಲ್ಪಟ್ಟು ಖಾಲಿ ಉಳಿಯುತ್ತದೆ. ಇದನ್ನು ಉತ್ತು ಚೊಕ್ಕಟವಾಗಿಡುವುದೇ ಒಳ್ಳೆಯ ಬೇಸಾಯವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದರೆ ಬರಿ ನೆಲ ಮಾರ್ಚಿಯ ಬಿಸಿಲಿಗೆ ಕಾದು ಗಟ್ಟಿಯಾಗುತ್ತದೆ. ಮೇ ತಿಂಗಳ ಗುಡುಗು ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಈ ನೆಲಕ್ಕೆ ಚಳಿಗಾಲದಲ್ಲಿ ಸಾಸಿವೆಯ ಹೊದಿಕೆ ಕೊಡಬಹುದೆಂಬುದೇ ನಮ್ಮ ಸಲಹೆ.

ಸಾಸಿವೆ ನಮಗೆ ಹೊಸದಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳಿನ ಜೊತೆಗೆ ನಮ್ಮ ಹಿರಿಯರು ಹಾಕುತ್ತಿದ್ದುದೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ರಾಗಿಯೊಡನೆ ಸಾಸಿವೆ ಬೆರೆಸಿ ಬೆಳೆಯುತ್ತಿದ್ದವರು. ರಾಗಿ ಬಿಟ್ಟು ತೋಟಕ್ಕೆ ತಿರುಗಿದಾಗ ಅಕ್ಕಡಿಯನ್ನೂ ಬಿಟ್ಟೆವು, ಅಷ್ಟೆ.

ಮುಖ್ಯ ಪ್ರಶ್ನೆ ನೀರಿನದು. ಮಳೆ ಮರೆಯ ಈ ಸೀಮೆಯಲ್ಲಿ ಕೊಳವೆಬಾವಿಯ ನೀರು ಅಡಿಕೆಗೇ ಸಾಲದಿರುವಾಗ ಸೊಪ್ಪಿಗೆ ಎಲ್ಲಿಂದ ತರುವುದು? ತರಬೇಕಾಗಿಲ್ಲ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಒಳ್ಳೆಯ ಮಳೆಯ ಕಾಲ. ಚಿತ್ತೆ ಮಳೆಯ ಹದದಲ್ಲಿ ಬಿತ್ತಿದರೆ, ನೆಲದ ತೇವ ಮತ್ತು ಮಂಜಿನ ತಂಪಿನಲ್ಲಿ ಸಾಸಿವೆ ಏಳುತ್ತದೆ. ಆ ವರ್ಷ ಹಿಂಗಾರು ಕೈಕೊಟ್ಟರೆ ಬಿತ್ತುವುದೇ ಬೇಡ. ಹೊದಿಕೆ ಬೆಳೆಗೆಂದು ಕೊಳವೆಬಾವಿ ತಿರುಗಿಸುವುದು ಬುದ್ಧಿವಂತಿಕೆಯಲ್ಲ.

ಎರಡನೆಯ ಮಾತು, ಸಾಸಿವೆಯನ್ನು ಒಂಟಿಯಾಗಿ ಹಾಕಬಾರದು. ಅದು ದ್ವಿದಳ ಧಾನ್ಯದಂತೆ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದಿಲ್ಲ; ಮಣ್ಣಿನಲ್ಲಿದ್ದುದನ್ನು ಹೀರಿ ಎಲೆಯಲ್ಲಿ ಹಿಡಿದಿಡುತ್ತದೆ. ಅಲ್ಲದೆ ಬೇರಿಗೆ ರಂಜಕ ಒದಗಿಸುವ ಮೈಕೊರೈಜಾ ಎಂಬ ಉಪಕಾರಿ ಬೂಷ್ಟು ಸಾಸಿವೆಯ ಬೇರಿನಲ್ಲಿ ನೆಲೆಸುವುದಿಲ್ಲ. ಆದುದರಿಂದ ಜೊತೆಗೆ ಹುರುಳಿ ಇರಲಿ. ಸಾಸಿವೆ ಕೊಯ್ದ ಮೇಲೂ ಹುರುಳಿಯ ಬಳ್ಳಿ ನೆಲವನ್ನು ಮುಚ್ಚಿಕೊಂಡಿರುತ್ತದೆ.

ಐದು ಗುಂಟೆಗೆ ಒಂದು ಕಿಲೋ ಹುರುಳಿ, ಕಾಲು ಕಿಲೋ ಸಾಸಿವೆ ಸಾಕು. ಮೊದಲು ಹುರುಳಿ ಎರಚಿ ಹಗುರವಾಗಿ ಹರಗಬೇಕು. ನಂತರ ಸಾಸಿವೆಯನ್ನು ಮರಳಿನೊಡನೆ ಬೆರೆಸಿ ಎರಚಿ ಕೊರಡು ಎಳೆದರೆ ಆಯಿತು. ಅರ್ಧ ಅಂಗುಲಕ್ಕಿಂತ ಆಳ ಹೋಗಬಾರದು. ಅಡಿಕೆಯ ಬೇರು ಮೇಲೇ ಹರಡುವುದರಿಂದ ಬುಡದ 3 ಅಡಿಯೊಳಗೆ ಹರಗುವುದು ಬೇಡ.

ಮೂರು ನಾಲ್ಕು ವಾರಕ್ಕೆ ಒತ್ತಾದ ಕಡೆ ಎಳೆಯ ಗಿಡ ಕಿತ್ತರೆ ಮನೆಗೆ ಸೊಪ್ಪಾಯಿತು. ಬೇಳೆಯೊಡನೆ ಮಸ್ಸೊಪ್ಪಿಗೂ, ಬೆರಕೆ ಸೊಪ್ಪಿನ ಬಸ್ಸಾರಿಗೂ ಒಗ್ಗುತ್ತದೆ. ಬಲಿತರೆ ಖಾರ, ಕಹಿ ಹೆಚ್ಚು; ಬೇಯಿಸಿ ನೀರು ಬಸಿದರೆ ಕಡಿಮೆಯಾಗುತ್ತದೆ. ಅಡಿಕೆಗೆ ಔಷಧಿ ಹೊಡೆದಿದ್ದರೆ ಕೆಳಗಿನ ಸೊಪ್ಪನ್ನು ಅಡುಗೆಗೆ ತರಲೇಬಾರದು.

ಹೂವು ಕಾಣುತ್ತಲೇ ಉಳಿದ ಸಾಸಿವೆಯನ್ನು ಕೊಯ್ದು ನೆಲಕ್ಕೆ ಹಾಸಬೇಕು. ಕಾಯಿ ಕಟ್ಟಲು ಬಿಟ್ಟರೆ ಕಾಂಡ ನಾರಾಗುತ್ತದೆ, ಬೀಜ ಉದುರಿ ಕಳೆಯಾಗುತ್ತದೆ, ನೆಲದ ತೇವವೂ ಹೋಗುತ್ತದೆ. ಹಸಿ ಸೊಪ್ಪು ಬೇಗ ಕರಗುವುದರಿಂದ ಮೇಲೆ ಅಡಿಕೆ ಸೋಗೆಯನ್ನೋ ತೆಂಗಿನ ಗರಿಯನ್ನೋ ಹೊದಿಸುವುದು ಲೇಸು.

ಸಾಸಿವೆ ಮಣ್ಣಿನ ರೋಗವನ್ನೆಲ್ಲ ಕಳೆಯುತ್ತದೆಂಬ ಮಾತೂ ಕೇಳಿಬರುತ್ತದೆ. ಜಜ್ಜಿದ ಸಾಸಿವೆ ಸೊಪ್ಪಿನಿಂದ ಹೊರಡುವ ಘಾಟು ಕೆಲವು ಬೂಷ್ಟು, ಜಂತುಹುಳುಗಳನ್ನು ಕುಗ್ಗಿಸುವುದು ನಿಜ. ಆಸ್ಟ್ರೇಲಿಯಾದ ವಿಜ್ಞಾನಿಗಳು 1993ರಲ್ಲಿ ಇದಕ್ಕೆ ಜೈವಿಕ ಧೂಮೀಕರಣವೆಂದು ಹೆಸರಿಟ್ಟರು. ಆದರೆ ಅದಕ್ಕೆ ಹಸಿ ಸೊಪ್ಪನ್ನು ನುಣ್ಣಗೆ ಕತ್ತರಿಸಿ, ಕೂಡಲೇ ಒದ್ದೆ ಮಣ್ಣಿನಲ್ಲಿ ಮುಚ್ಚಬೇಕು. ಅಡಿಕೆ ಬೇರಿನ ನಡುವೆ ಹಾಗೆ ಉಳುವಂತಿಲ್ಲ. ಅಲ್ಲದೆ ಬೇರುಗಂಟು ಜಂತುಹುಳು ಸಾಸಿವೆಯ ಬೇರಿನಲ್ಲೂ ಬೆಳೆಯಬಲ್ಲದು. ಆದುದರಿಂದ ಸಾಸಿವೆಯನ್ನು ಔಷಧಿಯೆಂದು ಎಣಿಸದೆ ಹೊದಿಕೆಯೆಂದೇ ಎಣಿಸೋಣ.

ಪಕ್ಕದ ಜಮೀನಿನಲ್ಲಿ ಎಲೆಕೋಸು ಇದ್ದರೆ ಇನ್ನೊಂದು ಎಚ್ಚರ. ಕೋಸಿನ ವಜ್ರಬೆನ್ನಿನ ಪತಂಗಕ್ಕೆ ಸಾಸಿವೆ ಬಲು ಪ್ರೀತಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದನ್ನೇ ಉಪಾಯ ಮಾಡಿ, ಪ್ರತಿ 25 ಸಾಲು ಕೋಸಿಗೆ ಸಾಸಿವೆಯ ಸಾಲು ಹಾಕಿ ಪತಂಗವನ್ನು ಸೆಳೆಯುವ ಕ್ರಮ ತಿಳಿಸಿದ್ದಾರೆ. ನಿಗಾ ಇಲ್ಲದ ಸಾಸಿವೆ ಮಾತ್ರ ಹುಳುವಿನ ತವರಾದೀತು.

ಕಾಫಿ ಬೆಳೆಗಾರರಿಗೊಂದು ಮಾತು. ನೆರಳು ತುಂಬಿದ ತೋಟಕ್ಕೆ ಸಾಸಿವೆ ಒಗ್ಗದು. ಅದಕ್ಕೆ ಬಿಸಿಲು ಬೇಕು. ಹಣ್ಣು ಕೊಯ್ಯುವ ಕಾಲದಲ್ಲಿ ಕಾಲಿಗೆ ಅಡ್ಡಿಯೂ ಹೌದು. ಹೊಸದಾಗಿ ಗಿಡ ನೆಟ್ಟ ತೆರಪಿನಲ್ಲಿ ಮಾತ್ರ ಪ್ರಯತ್ನಿಸಬಹುದು.

ಎಕರೆಗಟ್ಟಲೆ ಹಾಕಿರೆಂದು ನಾವು ಹೇಳುವುದಿಲ್ಲ. ಐದು ಗುಂಟೆಗೆ ಬಿತ್ತಿ, ಪಕ್ಕದ ಐದು ಗುಂಟೆಯನ್ನು ಎಂದಿನಂತೆ ಬಿಡಿ. ಶಿವರಾತ್ರಿ ಕಳೆದ ಮೇಲೆ ಎರಡೂ ಕಡೆ ಒಂದೊಂದು ಗೇಣು ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಯಾವ ಕಡೆ ತೇವ ಹೆಚ್ಚು ಉಳಿದಿದೆಯೆಂದು ಯುಗಾದಿಯೊಳಗೆ ಸಂಘದ ಕಚೇರಿಗೆ ತಿಳಿಸಿದರೆ, ಉಳಿದ ಸದಸ್ಯರಿಗೂ ಅನುಕೂಲವಾದೀತು.