ಟಿಕೆಟ್ಟಿಗೆ ಎರಡು ದರ, ದಂಡಕ್ಕೆ?

ಗುಡವಿ ಕೆರೆ ತುಂಬಿ ನಿಂತ ದಿನಗಳು. ಸೊರಬದಿಂದ ಹದಿನಾರು ಕಿಲೋಮೀಟರು ಮಳೆಯಲ್ಲಿ ನೆನೆದುಕೊಂಡೇ ಸ್ಕೂಟರಿನಲ್ಲಿ ಬಂದಿದ್ದೆವು. ಜೊತೆಗಿದ್ದ ಗೆಳೆಯರು ಅಡಿಕೆ ಬೆಳೆಗಾರರು, ಅಭಿಪ್ರಾಯಗಳಿಗೆ ಎಂದೂ ಬರವಿಲ್ಲದವರು. ನೀರಿನಲ್ಲಿ ಸೊಂಟದವರೆಗೆ ಮುಳುಗಿದ ಮರಗಳ ಮೇಲೆ ಬಿಳಿ ಕೆಂಬರಲುಗಳು, ನೀರುಕಾಗೆಗಳು, ಕುತ್ತಿಗೆ ಮಾತ್ರ ತೋರಿಸುವ ಹಾವಕ್ಕಿಗಳು. ಹೆಗಲಿಗೆ ಮಾರುದ್ದದ ಲೆನ್ಸು ಹಾಕಿಕೊಂಡ ವಿದೇಶಿ ಪ್ರವಾಸಿಯೊಬ್ಬ ದಾರಿ ಬಿಟ್ಟು ಕೆರೆಯಂಚಿನ ಜೊಂಡಿನೊಳಗೆ ಇಳಿದ. ಒಂದು ಮರದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಯಾರೋ ಗದರಿದರು. ಆತ ಕೈಮುಗಿದು, ಸಾರಿ ಹೇಳಿ, ಕೆಸರು ಕೊಡವಿಕೊಂಡು ಮೇಲೆ ಬಂದ. ಅಲ್ಲಿಗೆ ಮುಗಿಯಿತು.

ನಮ್ಮ ಗೆಳೆಯರಿಗೆ ಮುಗಿಯಲಿಲ್ಲ. “ಎಂತ ಮಾರಾಯ್ರೆ, ಇವ್ರಿಗೆಲ್ಲ ಹತ್ತು ಪಟ್ಟು ದಂಡ ಹಾಕ್ಬೇಕು. ಡಾಲರ್ ಲೆಕ್ಕದವ್ರು. ಹಂಪೀಲಿ ಟಿಕೆಟ್ಟಿಗೆ ತಗಳಲ್ವ?”

ಹಂಪಿಯಲ್ಲಿ ತೆಗೆದುಕೊಳ್ಳುವುದು ನಿಜ. ವಿಜಯ ವಿಠ್ಠಲ ದೇವಾಲಯದ ಬಾಗಿಲಲ್ಲಿ ಭಾರತೀಯರಿಗೆ 40 ರೂಪಾಯಿಯ ಟಿಕೆಟ್ಟು ವಿದೇಶಿಯರಿಗೆ 600. ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶದವರಾದರೆ ನಮ್ಮದೇ ದರ. ಇದಕ್ಕೆ ಸಮರ್ಥನೆಯೂ ಇದೆ: ಆ ಕಲ್ಲುಗಳನ್ನು ಕಾಯುವುದಕ್ಕೆ ನಾವು ತೆರಿಗೆ ಕಟ್ಟುತ್ತೇವೆ, ಅವರು ಕಟ್ಟುವುದಿಲ್ಲ. ದುಬಾರಿ ಅನ್ನಿಸಿದವರು ಹೊರಗಿನಿಂದಲೇ ನೋಡಿ ಹೋಗಬಹುದು. ಆದರೆ ಟಿಕೆಟ್ಟು ಬೆಲೆ, ದಂಡ ತೀರ್ಪು. ಬೆಲೆ ಗಿರಾಕಿಯನ್ನು ನೋಡಿ ಬದಲಾದೀತು. ತೀರ್ಪು ಪಾಸ್‌ಪೋರ್ಟ್ ನೋಡಿ ಬದಲಾದರೆ ಶಿಕ್ಷೆ ಆಗುವುದು ತಪ್ಪಿಗಲ್ಲ, ಹುಟ್ಟಿದ ಊರಿಗೆ. ಸಂವಿಧಾನದ 14ನೇ ವಿಧಿ ಕಾನೂನಿನ ಮುಂದಿನ ಸಮಾನತೆಯನ್ನು ನಾಗರಿಕರಿಗೆ ಮಾತ್ರ ಕೊಟ್ಟಿಲ್ಲ, ಯಾವುದೇ ‘ವ್ಯಕ್ತಿ’ಗೆ ಕೊಟ್ಟಿದೆ. ಜೊಂಡಿನಲ್ಲಿ ನಿಂತವನೂ ವ್ಯಕ್ತಿಯೇ.

ಗೆಳೆಯರ ಮಾತನ್ನು ಹಾಗೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ 500 ರೂಪಾಯಿ. 2025–26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370. ಅಂದರೆ ಕೂಲಿಯವನಿಗೆ ಹೆಲ್ಮೆಟ್ ಮರೆತ ತಪ್ಪಿಗೆ ಒಂದೂಕಾಲು ದಿನಕ್ಕೂ ಹೆಚ್ಚಿನ ದುಡಿಮೆ ಹೋಗುತ್ತದೆ. ಗೋಕರ್ಣದಲ್ಲಿ ಬಾಡಿಗೆ ಸ್ಕೂಟರು ಓಡಿಸುವ ಯುರೋಪಿನವನಿಗೆ ಅದು ಎರಡು ಕಾಫಿಯ ದುಡ್ಡು. ಅಂಕಿ ಒಂದೇ, ಪೆಟ್ಟು ಬೇರೆ.

ಈ ಪೆಟ್ಟನ್ನು ಸಮ ಮಾಡಲು ಫಿನ್ಲೆಂಡ್ 1921ರಲ್ಲೇ ಒಂದು ದಾರಿ ಹಿಡಿಯಿತು. ದಂಡವನ್ನು ಹಣದಲ್ಲಿ ಅಲ್ಲ, ದಿನಗಳಲ್ಲಿ ವಿಧಿಸುತ್ತಾರೆ. ಒಂದು ದಿನದ ಬೆಲೆ ಎಷ್ಟು ಎಂಬುದು ತಪ್ಪು ಮಾಡಿದವನ ವರಮಾನದ ಮೇಲೆ. 2023ರಲ್ಲಿ ಅಲ್ಲಿನ ಓಲಂಡ್ ದ್ವೀಪದಲ್ಲಿ 50 ಕಿ.ಮೀ. ಮಿತಿಯ ರಸ್ತೆಯಲ್ಲಿ 82ರ ವೇಗದಲ್ಲಿ ಕಾರು ಓಡಿಸಿದ ಉದ್ಯಮಿ ಆಂದರ್ಸ್ ವಿಕ್ಲೋಫ್ ತೆತ್ತ ದಂಡ 1,21,000 ಯೂರೋ. ನಮ್ಮವರಿಗೂ ಈ ಲೆಕ್ಕ ಹೊಸದೇನಲ್ಲ. ಲಕ್ಷ್ಮೇಶ್ವರದ ಎಂಟನೇ ಶತಮಾನದ ಶಾಸನದಲ್ಲಿ, ಯುವರಾಜ ವಿಕ್ರಮಾದಿತ್ಯನ ಕಾಲದಲ್ಲಿ, ಮನೆತನಗಳನ್ನು ಸ್ಥಿತಿಗತಿ ನೋಡಿ ಮೇಲು, ನಡು, ಕೆಳಗು ಎಂದು ವಿಂಗಡಿಸಿ ತೆರಿಗೆ ಗೊತ್ತುಮಾಡಿದ್ದರು. ಆದರೆ ಗುಡವಿಗೆ ಬಂದ ಪ್ರವಾಸಿಯ ವರಮಾನವನ್ನು ನಾವು ಎಲ್ಲಿಂದ ತಿಳಿಯೋಣ? ಆತ ಅವನ ದೇಶದಲ್ಲಿ ಡಾಕ್ಟರೋ, ಎರಡು ವರ್ಷ ಹೋಟೆಲಿನಲ್ಲಿ ತಟ್ಟೆ ತೊಳೆದು ಕೂಡಿಟ್ಟು ಬಂದ ವಿದ್ಯಾರ್ಥಿಯೋ? ಚರ್ಮದ ಬಣ್ಣ ಸಂಬಳದ ಚೀಟಿಯಲ್ಲ.

ಹಾಗಿದ್ದರೆ ವಿದೇಶಿಯರು ಅಗ್ಗದಲ್ಲಿ ಪಾರಾಗುತ್ತಾರೆಯೇ? ನಾನೂ ಹಾಗೇ ಅಂದುಕೊಂಡಿದ್ದೆ, ಗೋವಾದ ಪ್ರಕರಣಗಳನ್ನು ಓದುವವರೆಗೆ. 2024ರ ಡಿಸೆಂಬರಿನಲ್ಲಿ ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಇಬ್ಬರು ವಿದೇಶಿಯರು ಸಿಕ್ಕಿಬಿದ್ದರು. ಅವರಲ್ಲಿ ಒಬ್ಬರ ಬಳಿ ಇದ್ದದ್ದು ಗಾರ್ಮಿನ್ ಕಂಪನಿಯ ಉಪಗ್ರಹ ಸಂದೇಶ ಸಾಧನ. ಕಾಡಿನಲ್ಲಿ ಕಾಲು ಮುರಿದರೆ ಸಹಾಯ ಕೇಳಲೆಂದು ಚಾರಣಿಗರು ಇಟ್ಟುಕೊಳ್ಳುವ, ಅಂಗೈಯಗಲದ ಪೆಟ್ಟಿಗೆ. ಬೇರೆಷ್ಟೋ ದೇಶಗಳಲ್ಲಿ ಅಂಗಡಿಯಲ್ಲಿ ಕೊಳ್ಳಬಹುದಾದ ವಸ್ತು, ನಮ್ಮಲ್ಲಿ ಪರವಾನಗಿ ಇಲ್ಲದಿದ್ದರೆ ಅಪರಾಧ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಲ್ಲಿ ಇಂಥ ಸಾಧನ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ದಂಡದ ಮಿತಿ ಎಷ್ಟು ಗೊತ್ತೇ? ಸಾವಿರ ರೂಪಾಯಿ. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ ಇದ್ದೀತು.

ಈಗ ಆ ಸಾವಿರ ಯಾರಿಗೂ ಲೆಕ್ಕಕ್ಕಿಲ್ಲ. ಅವರನ್ನು ಹಣ್ಣು ಮಾಡುವುದು ದಂಡದ ಮುಂಚಿನ ದಿನಗಳು: ಠಾಣೆ, ಜಾಮೀನು, ಭಾಷೆ ಬಲ್ಲ ವಕೀಲರು, ತಪ್ಪಿದ ವಿಮಾನ, ಹೋಟೆಲಿನ ಬಾಡಿಗೆ. ಕೇಸು ತೀರುವವರೆಗೆ ದೇಶ ಬಿಡುವುದು ಕಷ್ಟ, ವೀಸಾ ಮುಗಿದ ಮೇಲೆ ಉಳಿದರೆ ಅದೇ ಇನ್ನೊಂದು ಅಪರಾಧ. ಹೀಗಾಗಿ ವಾದ ಮಾಡಿದರೆ ಗೆಲ್ಲಬಹುದಾದವರೂ ತಪ್ಪೊಪ್ಪಿಕೊಂಡು ಹೊರಡುವ ಮನಸ್ಸು ಮಾಡುತ್ತಾರೆ. ಕೂಲಿಯವನಿಗೆ ದಂಡದ ಮೊತ್ತವೇ ಹೊರೆ, ವಾಯಿದೆಗೆ ಊರಲ್ಲೇ ಇರುತ್ತಾನೆ. ಪ್ರವಾಸಿಗೆ ಮೊತ್ತ ಹಗುರ, ವಾಯಿದೆಯೇ ಹೊರೆ. ಹತ್ತು ಪಟ್ಟು ದಂಡ ಎನ್ನುವವರು ಈ ಎರಡನೇ ಹೊರೆಯನ್ನು ತಕ್ಕಡಿಗೆ ಹಾಕುವುದೇ ಇಲ್ಲ.

ತಪ್ಪನ್ನಲ್ಲ, ಯಾರೆಂದು ನೋಡಿ ದಂಡ ಹಾಕುವ ಪ್ರಯೋಗವನ್ನು ನಮ್ಮ ದೇಶ ಒಂದು ಕಡೆ ಮಾಡಿಯೂ ನೋಡಿದೆ. 2019ರ ನವೆಂಬರಿನಲ್ಲಿ ಬಾಂಗ್ಲಾದೇಶದ ಟೆಸ್ಟ್ ತಂಡದ ಜೊತೆ ಬಂದಿದ್ದ ಸೈಫ್ ಹಸನ್ ವೀಸಾ ಅವಧಿ ದಾಟಿ ಉಳಿದುಬಿಟ್ಟಿದ್ದರು. ಕಟ್ಟಿದ್ದು 21,600 ರೂಪಾಯಿ. ಆಗಿನ ನಿಯಮದಂತೆ ಅದೇ ತಂಡದ ಹಿಂದೂ ಆಟಗಾರ ಅಷ್ಟೇ ದಿನ ತಡಮಾಡಿದ್ದರೆ ಕಟ್ಟಬೇಕಾದದ್ದು 100. ಕಿರುಕುಳ ತಾಳದೆ ಓಡಿಬಂದ ಅಲ್ಪಸಂಖ್ಯಾತರ ಮೇಲೆ ಹೊರೆ ಬೀಳದಿರಲಿ ಎಂಬುದು ಆ ರಿಯಾಯಿತಿಯ ಉದ್ದೇಶ. ಉದ್ದೇಶ ಸರಿ. ಆದರೆ ಕ್ರಿಕೆಟ್ ಕಿಟ್ ಹೊತ್ತು ಬಂದ ಇಬ್ಬರು ಹುಡುಗರಲ್ಲಿ ಓಡಿಬಂದವರು ಯಾರು? ಕಷ್ಟವನ್ನು ಅಳೆಯುವ ಬದಲು ಹೆಸರನ್ನು ಅಳೆದರೆ ಹೀಗಾಗುತ್ತದೆ.

ತಿಳಿಯದೆ ಮುರಿಯುವ ನಿಯಮಗಳೂ ಇವೆ. ಗುಡವಿಯಿಂದ ಬನವಾಸಿ ದಾಟಿ ಹೋದರೆ ಮುಂಡಗೋಡ. 1966ರಿಂದ ಅಲ್ಲಿ ಟಿಬೆಟನ್ನರ ನೆಲೆ ಇದೆ, ಒಳಗೆ ತಂಗಬೇಕಾದ ವಿದೇಶಿಯರಿಗೆ ವೀಸಾ ಅಲ್ಲದೆ ಪ್ರತ್ಯೇಕ ಪರವಾನಗಿಯೂ ಬೇಕು. ಬುದ್ಧನನ್ನು ಅರಸಿ ಬಂದವರಲ್ಲಿ ಇದನ್ನು ಮೊದಲೇ ತಿಳಿದು ಬಂದವರು ಎಷ್ಟು ಮಂದಿಯೋ. ನಮ್ಮ ಸೀಮೆಯ ಹೋಂಸ್ಟೇನವರಿಗೂ ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸುವ ಕಟ್ಟಳೆ ಇದೆ. ಗೊತ್ತಿಲ್ಲದೆ ಮಾಡಿದ ತಪ್ಪೂ ತಪ್ಪೇ ಅನ್ನುವುದು ಕಾನೂನು. ಹಾಗೆನ್ನುವ ಮೊದಲು ಬಾಗಿಲಲ್ಲಿ ಒಂದು ಬೋರ್ಡು ಹಾಕುವುದು ಮನೆಯವರ ಧರ್ಮ ಎಂದು ನನಗನ್ನಿಸುತ್ತದೆ.

ಇನ್ನು ಕೆರೆಯ ವಿಷಯ. 1989ರಲ್ಲಿ ಅಭಯಾರಣ್ಯ ಎಂದು ಘೋಷಣೆಯಾದ ಗುಡವಿಯ ವಿಸ್ತಾರ ಮುಕ್ಕಾಲು ಚದರ ಕಿಲೋಮೀಟರೂ ಇಲ್ಲ. ಮರಿ ಗೂಡಿನಲ್ಲಿರುವಾಗ ತಾಯಿಹಕ್ಕಿ ಬೆದರಿ ಎದ್ದರೆ ಮೊಟ್ಟೆಗೂ ಮರಿಗೂ ಕಾಗೆ ಹದ್ದುಗಳ ಭಯ. ಅಷ್ಟು ಹೊತ್ತು ಸಾಕು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಸಾಮಾನ್ಯ ಉಲ್ಲಂಘನೆಯ ದಂಡದ ಮಿತಿಯನ್ನು 25 ಸಾವಿರದಿಂದ ಒಂದು ಲಕ್ಷಕ್ಕೆ, ರಾಜಿಯಲ್ಲಿ ಮುಗಿಸಿಕೊಳ್ಳುವ ಮೊತ್ತದ ಮಿತಿಯನ್ನು 25 ಸಾವಿರದಿಂದ ಐದು ಲಕ್ಷಕ್ಕೆ ಏರಿಸಿದೆ. ಒಂದು ರೂಪಾಯಿಗೂ ಐದು ಲಕ್ಷಕ್ಕೂ ನಡುವೆ ಎಲ್ಲಿ ನಿಲ್ಲಬೇಕು ಎಂಬುದು ಅಧಿಕಾರಿಯ ವಿವೇಕ. ಆ ಜಾಗದಲ್ಲೇ ‘ಫಾರಿನ್ನವನು, ಕೊಡಬಲ್ಲ’ ಎಂಬ ಮಾತು ನುಸುಳುವುದು. ಚೌಕಾಸಿಯ ವಾಸನೆ ಬಂದ ದಂಡಕ್ಕೆ ಹೆದರಿಕೆ ಉಂಟು, ಮರ್ಯಾದೆ ಇಲ್ಲ. ಇಂಥ ತಪ್ಪಿಗೆ ಇಷ್ಟು ಎಂದು ಬರೆದು ಹಾಕಿ, ರಸೀದಿ ಕೊಟ್ಟು, ಅಂದೇ ಮುಗಿಸಿ ಕಳಿಸುವುದಾದರೆ ಮೊತ್ತ ಎರಡು ಪಟ್ಟಾದರೂ ಪ್ರವಾಸಿ ಗೊಣಗಲಾರ. ಕೂಲಿಯವನಿಗೆ ಮಾತ್ರ ಹಣದ ಬದಲು ಒಂದು ದಿನ ಕೆರೆಯಂಚಿನ ಪ್ಲಾಸ್ಟಿಕ್ ಆರಿಸುವ ಆಯ್ಕೆ ಇರಬೇಕು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೇ ಶಿಕ್ಷೆಯಾಗಿ ಒಪ್ಪಿದೆ. ಹಕ್ಕಿ ಎಬ್ಬಿಸಿದವರಿಗೆ ಅದು ಇನ್ನೂ ಬಂದಿಲ್ಲ.

ಇಷ್ಟನ್ನೂ ಗೆಳೆಯರಿಗೆ ಹೇಳುತ್ತ ಗೇಟಿನ ಹತ್ತಿರ ಬಂದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಒಂದೇ ಬೈಕಿನಲ್ಲಿ ಮೂವರು ಹುಡುಗರು ಬಂದಿಳಿದರು. ಒಬ್ಬರಿಗೂ ಹೆಲ್ಮೆಟ್ ಇಲ್ಲ, ನಡುವಿನವನ ತೊಡೆಯ ಮೇಲೆ ಸ್ಪೀಕರು, ಹಾಡು ಕೆರೆಯ ಆಚೆ ದಡಕ್ಕೂ ಕೇಳುವಂತೆ.

“ಇವ್ರಿಗೆ ಎಷ್ಟು ಪಟ್ಟು?” ಅಂದೆ.

ಗೆಳೆಯರು ಒಂದು ಗಳಿಗೆ ನೋಡಿದರು. “ಮುಂದೆ ಕೂತಂವ ನಮ್ಮಣ್ಣನ ಮಗ ಮಾರಾಯ್ರೆ,” ಅಂದವರೇ ಸ್ಕೂಟರಿನ ಸ್ಟ್ಯಾಂಡು ತೆಗೆದರು.