ಮಾಡಿನಿಂದ ಬ್ಯಾಂಕಿಗೆ ಹೊರಟ ಹಾಲುಹಲ್ಲು

ಗೇರುಸೊಪ್ಪ ಕಡೆಯ ಮಕ್ಕಳ ಹಾಲುಹಲ್ಲು ಸಗಣಿ ಉಂಡೆಯೊಳಗೆ ಸೇರಿ ಮಾಡಿನ ಹೆಂಚಿಗೆ ಹಾರುತ್ತಿತ್ತು. ಈಗ ಹೆಂಚೂ ಕಡಿಮೆ, ಕೊಟ್ಟಿಗೆಯೂ ಕಡಿಮೆ. ತಾರಸಿ ಮನೆಯ ಮಗು ಹಲ್ಲನ್ನು ಎಲ್ಲಿಗೆ ಎಸೆಯಬೇಕು ಎಂದು ತಲೆ ಕೆರೆದುಕೊಳ್ಳುವ ಹೊತ್ತಿಗೆ, ‘ಎಸೆಯಬೇಡಿ, ದುಡ್ಡು ಕಟ್ಟಿ ನಮ್ಮಲ್ಲಿಡಿ’ ಎನ್ನುವ ಬ್ಯಾಂಕುಗಳು ಹುಟ್ಟಿಕೊಂಡವು. ಹಲ್ಲಿನ ಕೋಶ ಕಾದಿಡುವ ಈ ಬ್ಯಾಂಕುಗಳ ಬೇರು ಹುಡುಕಿ ಹೊರಟರೆ ಸಿಗುವುದು ಒಬ್ಬ ಅಪ್ಪ, ಒಬ್ಬಳು ಮಗಳು.

ಸಾಂಗ್‌ಟಾವೊ ಶಿ ಮಕ್ಕಳ ದಂತವೈದ್ಯ, ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಂಶೋಧಕರಾಗಿದ್ದವರು. ಕಿತ್ತು ಬಿಸಾಡುವ ಬುದ್ಧಿಹಲ್ಲಿನ ತಿರುಳಿನಲ್ಲಿ ಆಕರಕೋಶಗಳು (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಸ್ಟೆಮ್ ಸೆಲ್) ಇರುವುದನ್ನು 2000ದಲ್ಲೇ ಸ್ಟ್ಯಾನ್ ಗ್ರಾಂಥೋಸ್ ಮತ್ತವರ ತಂಡ ತೋರಿಸಿತ್ತು. ಶಿ ಕೂಡ ಆ ತಂಡದವರೇ. ಆಮೇಲೊಂದು ದಿನ ಅವರ ಆರು ವರ್ಷದ ಮಗಳು ಅಲ್ಲಾಡುವ ಹಲ್ಲು ತೋರಿಸಿ ಕಿತ್ತುಕೊಡು ಎಂದಳು. ಕೈಗೆ ಬಂದ ಹಲ್ಲನ್ನು ತಿರುಗಿಸಿ ನೋಡಿದರೆ ಒಳಗೆ ಒಂದಿಷ್ಟು ಕೆಂಪು ತಿರುಳು. ಮರುದಿನ ಅದು ಪ್ರಯೋಗಾಲಯ ಸೇರಿತು. ಇನ್ನೊಂದು ಬಾಚಿಹಲ್ಲು ಸಡಿಲವಾದಾಗ ಅಪ್ಪ ಸಜ್ಜಾಗಿದ್ದರು: ಕೋಶ ಬೆಳೆಸುವ ದ್ರವದಲ್ಲಿ ಹಲ್ಲನ್ನು ಮುಳುಗಿಸಿ ಕಾರಿನಲ್ಲಿ ಒಯ್ದು ತಿರುಳು ತೆಗೆದರು. ಕೋಶಗಳು ಜೀವಂತವಾಗಿದ್ದವು! ಬೇರೆ ಮಕ್ಕಳ ಹಲ್ಲುಗಳನ್ನೂ ನೋಡಿದರು. ಒಂದೊಂದರಲ್ಲಿ ಸಿಕ್ಕಿದ್ದು 12ರಿಂದ 20 ಆಕರಕೋಶ. ಅಷ್ಟೇ ಸಾಕಾಯಿತು. ತಟ್ಟೆಯಲ್ಲಿ ಅವು ಭರದಿಂದ ಹೆಚ್ಚಿದವು, ನರದ, ಕೊಬ್ಬಿನ ಕೋಶಗಳ ಲಕ್ಷಣ ತೋರಿದವು, ಇಲಿಯ ಮೈಯಲ್ಲಿ ಮೂಳೆ ಬೆಳೆಯುವುದಕ್ಕೆ ನೆರವಾದವು. 2003ರಲ್ಲಿ ವರದಿ ಹೊರಬಂತು.

ಮುಂದಿನ ವರ್ಷಗಳು ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳವು, ಅದು ಬಿಡಿ. 2018ರಲ್ಲಿ ಚೀನಾದಿಂದ ಗಟ್ಟಿ ಸುದ್ದಿ ಬಂತು. ಪೆಟ್ಟು ಬಿದ್ದು ಶಾಶ್ವತ ಹಲ್ಲಿನ ತಿರುಳು ಸತ್ತಿದ್ದ 40 ಮಕ್ಕಳನ್ನು ಪ್ರಯೋಗಕ್ಕೆ ಆರಿಸಿದ್ದರು. 30 ಮಕ್ಕಳಿಗೆ ಅವರವರದೇ ಹಾಲುಹಲ್ಲಿನಿಂದ ಬೆಳೆಸಿದ ಕೋಶ, ಉಳಿದವರಿಗೆ ರೂಢಿಯ ಚಿಕಿತ್ಸೆ. ವರ್ಷ ಕಳೆದು ನೋಡಿದರೆ ಕೋಶ ಪಡೆದವರ ಹಲ್ಲಿನ ಬೇರು ಉದ್ದವಾಗಿತ್ತು, ಸತ್ತಿದ್ದ ಹಲ್ಲಿಗೆ ಸಂವೇದನೆ ಮರಳಿತ್ತು.

ಹಲ್ಲಿನ ಕೋಶದಿಂದ ಹಲ್ಲಿನ ತಿರುಳು ಚಿಗುರಿದ್ದೇ ದೊಡ್ಡ ಸಂಗತಿ. ನನಗೆ ರೇಗುವುದು ಅದನ್ನೇ ಹಿಡಿದು ಮಧುಮೇಹ, ಪಾರ್ಶ್ವವಾಯು, ಪಾರ್ಕಿನ್ಸನ್‌ಗೆಲ್ಲ ವಿಮೆಯಂತೆ ಮಾರುವವರ ಮೇಲೆ. ಆ ರೋಗಗಳಲ್ಲಿ ನಡೆದಿರುವುದು ಇನ್ನೂ ಸಂಶೋಧನೆ, ಚಿಕಿತ್ಸೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಬ್ಯಾಂಕಿಂಗ್‌ಗೆ ಒಪ್ಪಿದ್ದು ಹೊಕ್ಕುಳಬಳ್ಳಿಯ ರಕ್ತವೊಂದಕ್ಕೇ. ಹಲ್ಲಿನ ತಿರುಳಿಗೆ ಅನುಮತಿಯಿಲ್ಲ. ನಮ್ಮ ಕರಾವಳಿಯಲ್ಲೇ, ಮಂಗಳೂರಿನ ದೇರಳಕಟ್ಟೆಯಲ್ಲಿ ನಿಟ್ಟೆ ವಿಶ್ವವಿದ್ಯಾಲಯದ ಆಕರಕೋಶ ಸಂಶೋಧನಾ ಕೇಂದ್ರವಿದೆ. ಮಗುವಿನ ಹಲ್ಲು ಮಾಡಿಗೆ ಹೋಗದಿದ್ದರೆ ಅಂಥ ಕಡೆ, ಅವರು ಕೇಳಿದರೆ, ಪುಕ್ಕಟೆ ಹೋಗಲಿ.